ಬೂದಿ ಬಿಡದ ಹಿಡಿ

“ಕಣ್ಣು ಮುಚ್ಚು,” ಎಂದರು ಯಶೋಧರಾ.

ಲತಾಮಣಿ ಮುಚ್ಚಿದಳು. ಮುಚ್ಚಿದ ರೆಪ್ಪೆಯ ಒಳಗೂ ಕಣ್ಣುಗುಡ್ಡೆಗಳು ಬಲೆಗೆ ಬಿದ್ದ ಮೀನಿನಂತೆ ಹೊರಳುತ್ತಿದ್ದವು.

“ಈಗ ನಿನ್ನ ಸೆಟ್ಟು ಹೇಳು. ಅಪೆಂಡಿಕ್ಸ್ ಸೆಟ್ಟು. ಟ್ರೇನಲ್ಲಿ ಜೋಡಿಸ್ತೀಯಲ್ಲ, ಹಾಗೆ. ಎಡದಿಂದ ಬಲಕ್ಕೆ.”

“ನಂಗೇನೂ ನೆನಪಾಗ್ತಿಲ್ಲ ಅಕ್ಕ.”

“ನಿನಗೆ ನೆನಪಾಗೋದು ಬೇಡ. ಕೈಗೆ ನೆನಪಿರುತ್ತೆ. ಅದನ್ನ ಕೇಳಿ ಹೇಳು.”

ಹಳೇಬೀಡು ಠಾಣೆಯ ಒಳಕೋಣೆಯಲ್ಲಿ ಬೆಳಗಿನ ಹತ್ತೂವರೆಯ ಬಿಸಿಲು ನೆಲದ ಮೇಲೆ ಕಂಬಿ ಕಂಬಿಯಾಗಿ ಬಿದ್ದಿತ್ತು. ಹೊರಗೆ ಗುಡಿ ನೋಡಲು ಬಂದ ಶಾಲೆಯ ಮಕ್ಕಳನ್ನು ಮೇಷ್ಟರೊಬ್ಬರು ಸಾಲಿಗೆ ನಿಲ್ಲಿಸುತ್ತಿದ್ದರು. ಲೋಕ ತನ್ನ ಪಾಡಿಗೆ ನಡೆದಿತ್ತು. ಈ ಕೋಣೆಯಲ್ಲಿ ಮಾತ್ರ ಇಪ್ಪತ್ಮೂರು ವರ್ಷದ ಹೆಣ್ಣುಮಗಳೊಬ್ಬಳು ತಾನೇ ಒಂದು ಜೀವ ತೆಗೆದೆನೆಂದು ನಿಧಾನವಾಗಿ ನಂಬತೊಡಗಿದ್ದಳು.

ಅರಸೀಕೆರೆಯ ಡಾಕ್ಟರ್ ಮಧುಕುಮಾರರ ನರ್ಸಿಂಗ್ ಹೋಮಿನಲ್ಲಿ ಅಪೆಂಡಿಕ್ಸ್ ತೆಗೆಸಿಕೊಂಡ ಮೇಘಶ್ರೀ ಹನ್ನೆರಡನೆಯ ದಿನ ತನ್ನ ಮನೆಯಲ್ಲಿ ಸತ್ತಿದ್ದಳು. ಅವಳನ್ನು ಸುಟ್ಟ ಬೂದಿಯಲ್ಲಿ ನಿನ್ನೆ ಒಂದು ಉಕ್ಕಿನ ಉಪಕರಣ ಸಿಕ್ಕಿತ್ತು. ಆ ಆಪರೇಷನ್ನಿನಲ್ಲಿ ಉಪಕರಣ ಎಣಿಸಿದ ನರ್ಸು ಈ ಲತಾಮಣಿ.

ಅವಳಿಗೆ ವಿದ್ಯೆ ಕಲಿಸಿದವರು ಯಶೋಧರಾ. ಮೂವತ್ತು ವರ್ಷ ಆಪರೇಷನ್ ಥಿಯೇಟರ್ ಸಿಸ್ಟರಾಗಿದ್ದು ನಿವೃತ್ತರಾದವರು. ಅವರು ಕಲಿಸುವ ಕ್ರಮವೇ ಬೇರೆ. ಉಪಕರಣ ತೋರಿಸಿ ಹೆಸರು ಕೇಳುತ್ತಿರಲಿಲ್ಲ. ಕಣ್ಣು ಮುಚ್ಚಿಸಿ ಕೈಗೆ ಕೊಡುತ್ತಿದ್ದರು. ಕರೆಂಟು ಹೋದ ಹೊತ್ತಿನಲ್ಲಿ ರೋಗಿಯ ಪ್ರಾಣ ನಿಮ್ಮ ಕಣ್ಣಲ್ಲಿರುವುದಿಲ್ಲ, ಬೆರಳಲ್ಲಿರುತ್ತದೆ ಎನ್ನುತ್ತಿದ್ದರು.

ಲತಾಮಣಿಯ ಬೆರಳುಗಳು ಗಾಳಿಯಲ್ಲಿ ಸಣ್ಣಗೆ ಅಲುಗಿದವು. ಎದುರಿಗೆ ಟ್ರೇ ಇದ್ದಂತೆ.

“ಬ್ಲೇಡಿನ ಹಿಡಿ ಎರಡು. ಚರ್ಮಕ್ಕೊಂದು, ಒಳಗಿನದಕ್ಕೊಂದು. ಚರ್ಮ ಕುಯ್ದಿದ್ದು ಒಳಗೆ ಹೋಗಬಾರದು.”

“ಆಮೇಲೆ?”

“ಸ್ಪಂಜ್ ಹೋಲ್ಡರ್ ಎರಡು. ಔಷಧಿ ಬಳಿಯೋಕೆ. ಟವೆಲ್ ಕ್ಲಿಪ್ ನಾಲ್ಕು, ಬಟ್ಟೆ ಜಾರದ ಹಾಗೆ. ಆರ್ಟರಿ ಫೋರ್ಸೆಪ್ಸ್ ಹನ್ನೆರಡು. ನೆಟ್ಟಗಿನವು ಆರು, ಬಾಗಿದವು ಆರು. ರಕ್ತನಾಳ ಹಿಡಿಯೋಕೆ. ಹಿಡಿದ್ರೆ ಹಿಡಿಯ ಹತ್ರ ಬೀಗ ಬೀಳಬೇಕು. ಕಟ್, ಕಟ್, ಕಟ್. ಮೂರು ಸದ್ದು.”

“ಆಲಿಸ್?”

“ನಾಲ್ಕು. ತುದೀಲಿ ಇಲಿ ಹಲ್ಲು. ಗಟ್ಟಿ ಪೊರೆ ಹಿಡಿಯೋಕೆ. ಕರುಳಿಗೆ ತಾಕಿಸಬಾರದು.”

“ಕರುಳು ಹಿಡಿಯೋಕೆ?”

“ಬ್ಯಾಬ್‌ಕಾಕ್, ಎರಡು. ಅದಕ್ಕೆ ಹಲ್ಲಿಲ್ಲ. ಬೆಕ್ಕು ಮರೀನ ಕಚ್ಕೊಂಡು ಹೋಗುತ್ತಲ್ಲ, ಹಾಗೆ ಹಿಡಿಯುತ್ತೆ ಅಂತ ನೀವೇ ಹೇಳಿದ್ದು.” ಅವಳ ದನಿ ಈಗ ಸ್ವಲ್ಪ ನೆಟ್ಟಗಾಗಿತ್ತು. “ಗಾಯದ ಬಾಯಿ ಅಗಲಿಸೋ ರಿಟ್ರ್ಯಾಕ್ಟರ್ ಎರಡು. ಚಿಮಟ ಎರಡು. ಕತ್ತರಿ ಎರಡು, ದಾರಕ್ಕೊಂದು, ಮಾಂಸಕ್ಕೊಂದು. ಸೂಜಿ ಹಿಡಿಯೋದು ಎರಡು. ಒಟ್ಟು ಮೂವತ್ನಾಲ್ಕು. ಹೊಟ್ಟೆ ತೆರೆಯೋ ಮುಂಚೆ ಎಣಿಸಿದೆ, ಮುಚ್ಚೋ ಮುಂಚೆ ಎಣಿಸಿದೆ, ಮುಚ್ಚಿದ ಮೇಲೂ ಎಣಿಸಿದೆ. ಮೂರು ಸಲಾನೂ ಮೂವತ್ನಾಲ್ಕು.”

“ಸರಿ.”

“ಆದ್ರೆ ಬೂದೀಲಿ ಸಿಕ್ಕಿದೆ ಅಂತಾರಲ್ಲ ಅಕ್ಕ. ಹಂಗಾದ್ರೆ ನಾನೇ ತಪ್ಪಿರಬೇಕಲ್ವಾ?”

ಭಯಕ್ಕೆ ಒಂದು ಕೆಟ್ಟ ಗುಣವಿದೆ. ಅದು ತಪ್ಪು ಮಾಡಿದವನ ಬಾಯಿ ಕಟ್ಟುತ್ತದೆ, ಮಾಡದವನ ಬಾಯಲ್ಲಿ ತಪ್ಪೊಪ್ಪಿಗೆ ಹೊರಡಿಸುತ್ತದೆ.

ಬಾಗಿಲ ಬಳಿ ನಿಂತಿದ್ದ ಸಬ್ ಇನ್ಸ್‌ಪೆಕ್ಟರ್ ಧರ್ಮೇಶ್ ಗಡಿಯಾರ ನೋಡಿದ. “ಯಶೋಧರಕ್ಕ, ನೀವು ಅಂತ ಬಿಟ್ಟಿದೀನಿ. ಡಾಕ್ಟರು ಬರೆದುಕೊಟ್ಟಿದಾರೆ, ನರ್ಸು ಎಣಿಕೆ ತಪ್ಪಿ ಆರ್ಟರಿ ಫೋರ್ಸೆಪ್ಸ್ ಹೊಟ್ಟೆಯಲ್ಲೇ ಉಳಿಯಿತು ಅಂತ. ಐದು ಗಂಟೆಗೆ ಬೇಲೂರು ಕೋರ್ಟಿಗೆ ಇವಳನ್ನ ಹಾಜರು ಮಾಡಬೇಕು.”

“ಆ ವಸ್ತು ಎಲ್ಲಿ?”

“ಬೀರುವಿನಲ್ಲಿ. ಮಧ್ಯಾಹ್ನ ಮೊಹರು ಹಾಕಿ ಬೆಂಗಳೂರಿಗೆ ಕಳಿಸಬೇಕು.”

“ಇವಳಿಗೆ ತೋರಿಸಿದೆಯಾ?”

ಆರೋಪಿಗೆ ತೋರಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

“ತಗೊಂಡು ಬಾ. ಬಟ್ಟೆ ಬಿಚ್ಚಬೇಡ. ಒರೆಸಬೇಡ. ಅವಳು ಬಟ್ಟೆಯ ಮೇಲಿಂದಲೇ ಮುಟ್ಟಲಿ.”

ಬಿಳಿ ಬಟ್ಟೆಯ ಪೊಟ್ಟಣ ಅಂಗೈಗೆ ಬಿದ್ದಾಗ ಲತಾಮಣಿ ಬೆಂಕಿ ಬಿದ್ದವಳಂತೆ ಕೈ ಹಿಂದೆಗೆದಳು. ಯಶೋಧರಾ ಅವಳ ಮಣಿಕಟ್ಟು ಹಿಡಿದುಕೊಂಡರು. ಅಲ್ಲಿ ನಾಡಿ ಓಡುತ್ತಿದ್ದ ವೇಗ ಅವರ ಬೆರಳಿಗೆ ತಿಳಿಯಿತು.

“ಇದು ಬರೀ ಉಕ್ಕು ಮಗಾ. ಏನು ಅಂತ ಹೇಳು.”

ಬೆರಳುಗಳು ಬಟ್ಟೆಯ ಮೇಲೆ ಹರಿದವು. ಮೊದಲು ಹಿಡಿಯ ಉಂಗುರಗಳು. ಅಲ್ಲಿಂದ ಮೇಲಕ್ಕೆ. ಮತ್ತೆ ಉಂಗುರಕ್ಕೆ ಬಂದವು. ಏನನ್ನೋ ಹುಡುಕಿದವು. ಇನ್ನೊಮ್ಮೆ ಹುಡುಕಿದವು.

“ಅಕ್ಕ, ಇದಕ್ಕೆ ಬೀಗ ಇಲ್ಲ.”

“ಹೂಂ.”

“ಆರ್ಟರಿಗೆ ಬೀಗ ಇರಬೇಕು. ಇದು ಸುಮ್ಮನೆ ಬಾಯಿ ಬಿಡುತ್ತೆ.” ತುದಿಗೆ ಹೋದಳು. “ತುದಿ ದಪ್ಪ. ಮೂಗು ಬಗ್ಗಿದೆ. ಉದ್ದ ಜಾಸ್ತಿ, ಒಂದು ಗೇಣಿಗಿಂತ ಮೇಲೆ.” ಅವಳು ಕಣ್ಣು ತೆರೆದೇಬಿಟ್ಟಳು. “ಅಕ್ಕ, ಇದು ಚೀಟಲ್.”

“ಹೌದು,” ಎಂದರು ಯಶೋಧರಾ. “ಚೀಟಲ್.”

ಲತಾಮಣಿಗೆ ಅಳು ಬಂತು. ನಿನ್ನೆಯಿಂದ ತಡೆದಿದ್ದ ಅಳು.

“ಚೀಟಲ್ ಅಂದ್ರೆ ಏನಕ್ಕ?” ಎಂದ ಧರ್ಮೇಶ್.

“ನಿಮ್ಮಜ್ಜಿ ಮನೆಯ ಬಾವಿಕಟ್ಟೆಯಲ್ಲಿ ಪಾತಾಳಗರಡಿ ಇತ್ತಲ್ಲ? ಬಿಂದಿಗೆ ಬಿದ್ದಾಗ ಬಾವಿಗಿಳಿಸಿ ಎತ್ತೋದು. ಇದೂ ಹಾಗೆ. ಕುದಿಸಿಟ್ಟ ಉಪಕರಣಗಳನ್ನ ಕೈ ಮುಟ್ಟದ ಹಾಗೆ ಎತ್ತಿಕೊಡೋದು, ಅಷ್ಟೇ ಇದರ ಕೆಲಸ. ಔಷಧಿ ನೀರಿನ ಬಾಟಲಿಯಲ್ಲಿ ನಿಂತಿರುತ್ತೆ. ರೋಗಿಯ ಮೈ ಮುಟ್ಟೋದೇ ಇಲ್ಲ. ಹೊಟ್ಟೆಯ ಒಳಗೆ ಹೋಗೋ ದಾರಿ ಇದಕ್ಕಿಲ್ಲ.”

“ನಮ್ಮ ಡ್ರೆಸ್ಸಿಂಗ್ ರೂಮಿಂದು ಕಳೆದುಹೋಗಿತ್ತು ಅಕ್ಕ,” ಎಂದಳು ಲತಾಮಣಿ, ಸೆರಗಿನಲ್ಲಿ ಮೂಗೊರೆಸುತ್ತ. “ಮೇಘಶ್ರೀಗೆ ಹೊಲಿಗೆ ಬಿಚ್ಚಿದೆವಲ್ಲ, ಎಂಟನೇ ದಿನ. ಅವತ್ತು ಸಂಜೆ ನೋಡಿದ್ರೆ ಬಾಟಲಿ ಖಾಲಿ. ಬೈಸಿಕೊಳ್ಳೋದ್ಯಾಕೆ ಅಂತ ಥಿಯೇಟರಿಂದ ಇನ್ನೊಂದು ತಂದಿಟ್ಟೆ.”

“ಹೊಲಿಗೆ ಬಿಚ್ಚುವಾಗ ಅವಳ ಜೊತೆ ಯಾರಿದ್ದರು?”

“ಯಾರೋ ದೊಡ್ಡವರು, ಹೆಂಗಸರು. ನಾನು ಗಾಯ ನೋಡ್ತಿದ್ದೆ ಅಕ್ಕ, ಮುಖ ನೋಡ್ಲಿಲ್ಲ. ಈಗ ಎಷ್ಟು ಯೋಚನೆ ಮಾಡಿದ್ರೂ ಬರ್ತಿಲ್ಲ. ಎದುರಿಗೆ ಬಂದ್ರೆ ಗುರುತು ಸಿಗುತ್ತೇನೋ.”

ಯಶೋಧರಾ ಅವಳನ್ನು ಪಕ್ಕದ ಕೋಣೆಗೆ ಕಾಫಿಗೆ ಕಳಿಸಿದರು. ಅವಳು ಹೋದ ಮೇಲೆ ಬಾಗಿಲು ಮುಂದೆ ಮಾಡಿ ಬಟ್ಟೆ ಬಿಚ್ಚಿಸಿದರು.

ಚೀಟಲ್ ಮೇಜಿನ ಮೇಲೆ ಮಲಗಿತ್ತು. ಮೈತುಂಬ ಬೂದಿ. ಯಶೋಧರಾ ಬಗ್ಗಿ ಒಮ್ಮೆ ಊದಿದರು. ದೀಪ ಆರಿಸುವವರಂತೆ ಮೆಲ್ಲಗೆ.

ಬೂದಿ ಹಾರಿತು. ಕೆಳಗೆ ಉಕ್ಕು ಬೆಳ್ಳಗೆ ಕಂಡಿತು. ಆದರೆ ಒಂದು ಹಿಡಿಯ ಮೇಲೆ, ಬೆರಳಗಲದ ಪಟ್ಟಿಯಲ್ಲಿ, ಬೂದಿ ಹಾಗೆಯೇ ನಿಂತಿತ್ತು. ಇನ್ನೊಮ್ಮೆ ಊದಿದರು. ಬಿಡಲಿಲ್ಲ.

ಅವರು ಕಿರುಬೆರಳ ಉಗುರಿನಿಂದ ಆ ಪಟ್ಟಿಯ ಅಂಚನ್ನು ಮುಟ್ಟಿದರು. ಉಗುರು ಅಂಟಿಕೊಂಡು ಬಂತು.

“ಧರ್ಮೇಶ, ಇಲ್ಲಿ ಮುಟ್ಟು.”

ಮುಟ್ಟಿದ. “ಅಂಟು.”

“ನಾವು ಹಿಡಿಗೆ ಪ್ಲಾಸ್ಟರ್ ಸುತ್ತುತ್ತೇವೆ, ಇದು ಡ್ರೆಸ್ಸಿಂಗ್ ರೂಮಿನದು ಅಂತ ಗುರುತಿಗೆ. ಯಾರೋ ಪ್ಲಾಸ್ಟರ್ ಕಿತ್ತಿದ್ದಾರೆ. ಅಂಟು ಉಳಿದಿದೆ.” ಯಶೋಧರಾ ಅವನ ಮುಖ ನೋಡಿದರು. “ಒಂದು ಹೆಣವನ್ನ ಬೂದಿ ಮಾಡಿದ ಬೆಂಕಿ ಈ ಅಂಟನ್ನ ಹಸಿಯಾಗಿ ಬಿಡುತ್ತಾ?”

ಧರ್ಮೇಶ್ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಎರಡು ಸಲ ಒರೆಸಿಕೊಂಡ.

“ಇದು ಚಿತೆಯಲ್ಲಿ ಇರಲೇ ಇಲ್ಲ,” ಎಂದ.

“ಇರಲಿಲ್ಲ. ಆರಿದ ಮೇಲೆ ಯಾರೋ ತಂದು ಹೂತಿದ್ದಾರೆ. ಈ ಅಂಟಿನ ಮಾತು ಈ ಕೋಣೆ ದಾಟುವುದು ಬೇಡ. ಲತಾಗೂ ಬೇಡ. ಅವಳು ಈಗಾಗಲೇ ಸಾಕಷ್ಟು ಹೆದರಿದ್ದಾಳೆ.”

ಕರುಣೆಯಿಂದ ಆಡಿದ ಮಾತು ಅದು. ಕರುಣೆಯೂ ಕೆಲವೊಮ್ಮೆ ಕಣ್ಣು ಕಟ್ಟಿಕೊಂಡೇ ನಡೆಯುತ್ತದೆ.

ಜಗಲಿಯಲ್ಲಿ ಇಬ್ಬರು ಹೆಂಗಸರು ಕೂತಿದ್ದರು. ಬೂದಿಯಲ್ಲಿ ಉಪಕರಣ ಕಂಡ ಕೆಲಸದ ಮುದುಕಿ ಹುಚ್ಚಮ್ಮ, ಹೇಳಿಕೆಗೆ ಹೆಬ್ಬೆಟ್ಟು ಒತ್ತಲು ಬಂದವಳು. ಅವಳನ್ನು ಕರೆತಂದವರು ರುದ್ರಮ್ಮನವರು, ಸತ್ತ ಮೇಘಶ್ರೀಯ ಅತ್ತೆ. ಬಸ್ತಿಹಳ್ಳಿಯಾಚೆ ಅವರದು ದೊಡ್ಡ ತೆಂಗಿನ ತೋಟ, ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿ. ಹಣೆಯ ತುಂಬ ವಿಭೂತಿ, ಬಿಳಿ ಸೀರೆ, ತುಟಿಯಲ್ಲಿ ಸದಾ ಶಿವನಾಮ. ಮಠದ ದಾಸೋಹಕ್ಕೆ ವರ್ಷಕ್ಕೆ ಎರಡು ಲಾರಿ ಕಾಯಿ ಕಳಿಸುವ ಮನೆ.

ಯಶೋಧರಾ ಹುಚ್ಚಮ್ಮನ ಪಕ್ಕ ಕೂತರು. “ಹೆದರಬೇಡಜ್ಜಿ. ನಿನ್ನೆ ಏನು ಕಂಡೆ, ಅಷ್ಟು ಹೇಳು.”

“ಏನ್ ಯೋಳ್ಳವ್ವ. ನಮ್ಮನೆಗುಳಲ್ಲಿ ಸುಡಾಕಿಲ್ಲ, ಊಳೋದು. ತ್ವಾಟದ ಮೂಲೇಲಿ ಸಮಾಧಿ ಸಾಲೇ ಐತೆ. ಈ ಮಗೀಗೆ ಮಾತ್ರ ರೋಗ ಅಂಟ್ತದೆ ಸುಡ್ರಿ ಅಂತ ಡಾಕುಟ್ರು ಅಂದ್ರಂತೆ. ಸುಟ್ರು. ಮೂರ್ನೇ ದಿನ ಆಲುತುಪ್ಪ ಬುಡಬೇಕಲ್ಲ. ಒಂದು ಜೀವಕ್ಕೆ ಒಂದೇ ಸತಿ ಮಾಡೋ ಸಾಸ್ತ್ರ, ತಪ್ಪಿಸಬಾರ್ದು. ಸಮಾಧಿ ಇಲ್ಲ, ಎಲ್ ಉಯ್ಲಿ? ತಲೆ ಕಡೀಕೆ ಉಯ್ಯಾನ ಅಂತ ಒಂಟೆ. ಅಮ್ಮೋರು ಅಂದಿದ್ರು, ಒಟ್ಟೆ ತಾವ ಉಯ್ಯೇ ಉಚ್ಚಿ, ಕುಯ್ದಿರೋ ಒಟ್ಟೆ, ತಣ್ಗಾಗ್ಲಿ ಅಂತ. ಉಯ್ದೆ. ಆಲು ಬೂದಿ ಮ್ಯಾಲೆ ಅರಕಂಡೋಯ್ತು. ಅಡೀಲಿ ಪಳ್ ಅಂತ ಒಳೀತು ಕಣವ್ವ. ಎದೆ ಒಡ್ದೋಯ್ತು.”

ರುದ್ರಮ್ಮನವರು ಸೆರಗಿನಿಂದ ಕಣ್ಣೊತ್ತಿಕೊಂಡರು. “ಬಂಗಾರದಂಥ ಸೊಸೆ. ನನ್ನ ಮಗ ಅನ್ನ ಮುಟ್ಟಿಲ್ಲ.” ಸೆರಗು ಇಳಿಸಿ, “ಆ ಹುಡುಗಿ ಎಲ್ಲವಳೆ? ನರ್ಸು?”

“ಒಳಗಿದ್ದಾಳೆ.”

“ನೋಡಬೋದಾ?”

ಅವರು ಒಳಗೆ ಹೋದರು. ಲತಾಮಣಿ ಕಾಫಿ ಲೋಟ ಮುಂದಿಟ್ಟುಕೊಂಡು ತಲೆ ತಗ್ಗಿಸಿ ಕೂತಿದ್ದಳು. ಸತ್ತವಳ ಅತ್ತೆ ಎಂದು ಕೇಳಿದ್ದೇ ಅವಳ ತಲೆ ಇನ್ನೂ ಕೆಳಗಾಯಿತು. ರುದ್ರಮ್ಮನವರು ಅದರ ಮೇಲೆ ಕೈಯಿಟ್ಟರು.

“ನೀನೂ ಒಬ್ಬಳು ತಾಯಿ ಮಗಳೇ. ಬೇಕಂತ ಮಾಡಿದ್ದಲ್ಲ ಬಿಡು. ಶಿವ ನೋಡ್ಕೋತಾನೆ.”

ಲತಾಮಣಿ ತಲೆ ಎತ್ತಲಿಲ್ಲ. ಅವಳ ಕಣ್ಣಿಗೆ ಬಿದ್ದದ್ದು ಬಿಳಿ ಸೀರೆಯ ಅಂಚು, ಕಾಲುಂಗುರವಿಲ್ಲದ ಪಾದ, ಇಷ್ಟೇ.

ಠಾಣೆಯ ಪೇದೆಗಳಿಗೂ ಕಣ್ಣು ಒದ್ದೆಯಾಯಿತು. ಇಂಥ ದೊಡ್ಡ ಮನಸ್ಸು ಎಲ್ಲಿ ಸಿಗುತ್ತದೆ?

ಯಶೋಧರಾ ಜೊತೆಗೆ ಬಂದಿದ್ದ ಅವರ ತಂದೆ ಗಂಗಯ್ಯ, ನಿವೃತ್ತ ಪೋಸ್ಟ್‌ಮ್ಯಾನ್, ಅಂಗಳದ ಬೇವಿನ ಕೆಳಗೆ ಕಾಯುತ್ತಿದ್ದರು. ಐದು ಗಂಟೆಗೆ ಲತಾಮಣಿಯನ್ನು ಕೋರ್ಟಿಗೆ ಕರೆತರುವ ಹೊಣೆ ತಮ್ಮದೆಂದು ಧರ್ಮೇಶ್ ಅವರಿಂದ ಬರೆಸಿಕೊಂಡು ರುಜು ಹಾಕಿಸಿದ.

“ಅಪ್ಪ, ಲತಾನ ಬೇಲೂರಿಗೆ ನಮ್ಮನೆಗೆ ಕರ್ಕೊಂಡು ಹೋಗು. ನಾನು ಧರ್ಮೇಶನ ಜೀಪಲ್ಲಿ ಅರಸೀಕೆರೆಗೆ ಹೋಗಿ ಡಾಕ್ಟರನ್ನ ಕಂಡು ಬರ್ತೀನಿ. ನಾನು ಬರೋವರೆಗೂ ಅವಳು ಹೊರಗೆ ಹೋಗೋದು ಬೇಡ.”

“ಆಯ್ತು ಕಣವ್ವ. ಮುದ್ದೆ ಮಾಡಾಕ್ ಬತ್ತದೇನವ್ವ ನಿಂಗೆ?” ಎಂದು ಗಂಗಯ್ಯ ಲತಾಮಣಿಯನ್ನು ಕೇಳಿದರು. “ನನ್ ಮಗಳು ಮಾಡೋ ಮುದ್ದೆ ಎಂಗೈತೆ ಅಂದ್ರೆ, ಅದುನ್ನೂ ಆಪ್ರೇಸನ್ ಮಾಡೇ ತಿನ್ನಬೇಕು.”

ಲತಾಮಣಿ ತಲೆಯಾಡಿಸಿದಳು. ರುದ್ರಮ್ಮನವರು ಎರಡು ಮಾರು ದೂರದಲ್ಲಿ, ಕಾರಿನ ಬಾಗಿಲು ಹಿಡಿದು, ಶಿವನಾಮ ಹೇಳುತ್ತ ನಿಂತಿದ್ದರು.

ಜೀಪು ಜಾವಗಲ್ ದಾಟಿತ್ತು. ಯಶೋಧರಾ ರಸ್ತೆಯನ್ನೇ ನೋಡುತ್ತಿದ್ದರು. ತೊಡೆಯ ಮೇಲೆ ಆ ಪೊಟ್ಟಣ. ರಸ್ತೆಯ ಎರಡೂ ಕಡೆ ತೆಂಗು. ಮಧ್ಯಾಹ್ನದ ಗಾಳಿಗೆ ಗರಿಗಳು ಒಂದಕ್ಕೊಂದು ತಾಗಿ ಯಾರೋ ಪಿಸುಗುಟ್ಟಿದಂತೆ ಸದ್ದು ಮಾಡುತ್ತಿದ್ದವು.

“ಧರ್ಮೇಶ, ನನಗೆ ಭಯವಾಗ್ತಿದೆ,” ಎಂದರು.

ಅವನು ತಿರುಗಿ ನೋಡಿದ. ಹುಡುಗನಾಗಿದ್ದಾಗ ಅವನ ಮಂಡಿಗೆ ಹೊಲಿಗೆ ಬಿದ್ದ ದಿನ ತಲೆ ಹಿಡಿದು ಕೂತವರು ಇವರು. ಇವರ ಬಾಯಲ್ಲಿ ಆ ಮಾತನ್ನು ಅವನು ಕೇಳಿರಲಿಲ್ಲ.

“ಇದು ಕಳೆದದ್ದು ಯಾವತ್ತು? ಎಂಟನೇ ದಿನ. ಮೇಘಶ್ರೀ ಸತ್ತದ್ದು?”

“ಹನ್ನೆರಡನೇ ದಿನ.”

“ಅವಳು ಇನ್ನೂ ನಾಲ್ಕು ದಿನ ಬದುಕಿದ್ದಳು. ನಡೆದಾಡುತ್ತಿದ್ದಳು, ಊಟ ಮಾಡುತ್ತಿದ್ದಳು. ಅವಳ ಸಾವಿಗೆ ಕಾರಣ ಮಾತ್ರ ಆಗಲೇ ಯಾರದೋ ಸೆರಗಿನಲ್ಲಿತ್ತು. ಸಾವಿಗಿಂತ ಮೊದಲು ಕಾರಣವನ್ನ ಕದ್ದು ಇಟ್ಟುಕೊಂಡಿದ್ದಾರೆ.”

ಜೀಪಿನ ಗೇರು ಕರಕರ ಎಂದಿತು. ಧರ್ಮೇಶ್ ಕ್ಲಚ್ ಮರೆತಿದ್ದ.

“ಇನ್ನೊಂದು. ಸುಡುವ ಮನೆಯವರಿಗೆ ಬೆಂಕಿ ಏನನ್ನು ಬಿಡುತ್ತೆ, ಏನನ್ನು ಬಿಡಲ್ಲ ಅಂತ ಗೊತ್ತಿರುತ್ತೆ. ಮೂರನೇ ದಿನ ಮೂಳೆ ಆಯಲು ಕೂತವರು ಅವರು. ಚಿತೆಯಲ್ಲಿ ಬಿದ್ದ ಉಕ್ಕು ಕಪ್ಪಾಗುತ್ತೆ, ನೀಲಿಯಾಗುತ್ತೆ, ಇಷ್ಟು ಬೆಳ್ಳಗೆ ಉಳಿಯಲ್ಲ ಅಂತ ತಿಳಿದಿರುತ್ತೆ. ತಲೆಮಾರಿನಿಂದ ಹೂಳಿಕೊಂಡು ಬಂದವರಿಗೆ ಮಾತ್ರ ಅದು ಗೊತ್ತಿರಲ್ಲ.”

“ಅಂದ್ರೆ ಮನೆಯವರೇ.”

“ನಾನು ಹೆಸರು ಹೇಳಲಿಲ್ಲ. ಉಪಕರಣದ ಹೆಸರು ಮೊದಲು ಡಾಕ್ಟರು ಹೇಳಲಿ.”

ಡಾಕ್ಟರ್ ಮಧುಕುಮಾರರ ಕೋಣೆಯಲ್ಲಿ ಫ್ಯಾನು ತಿರುಗುತ್ತಿದ್ದರೂ ಅವರ ಕತ್ತಿನ ಪಟ್ಟಿ ಒದ್ದೆಯಾಗಿತ್ತು. ನಲವತ್ತೆರಡರ ಮನುಷ್ಯ. ಸಾಲ ಮಾಡಿ ಕಟ್ಟಿಸಿದ ನರ್ಸಿಂಗ್ ಹೋಂ. ಗೋಡೆಯ ಮೇಲೆ ದೇವರ ಪಟಗಳು ಒಂದರ ಪಕ್ಕ ಒಂದು.

“ಎಲ್ಲಾ ಬರೆದುಕೊಟ್ಟಿದೀನಲ್ಲ ಇನ್ಸ್‌ಪೆಕ್ಟರೇ. ಮತ್ತೇನು?”

ಯಶೋಧರಾ ಪೊಟ್ಟಣ ಬಿಚ್ಚಿ ಮೇಜಿನ ಗಾಜಿನ ಮೇಲಿಟ್ಟರು. ಉಕ್ಕು ಗಾಜಿಗೆ ತಾಗಿ ಸಣ್ಣ ಸದ್ದಾಯಿತು.

“ಹೆಸರು ಹೇಳಿ ಡಾಕ್ಟ್ರೇ.”

ಅವರು ನೋಡಲಿಲ್ಲ. ಕಿಟಕಿಯ ಕಡೆ ಮುಖ ಮಾಡಿದ್ದರು. “ಬರೆದಿದೀನಲ್ಲ. ಆರ್ಟರಿ ಫೋರ್ಸೆಪ್ಸ್.”

“ಬರೆದದ್ದು ಕೇಳಲಿಲ್ಲ. ನೋಡಿ, ಹೇಳಿ. ಪರೀಕ್ಷೆಯಲ್ಲಿ ನಿಮ್ಮ ಪ್ರೊಫೆಸರು ಕೇಳ್ತಿದ್ರಲ್ಲ, ಹಾಗೆ ಕೇಳ್ತಿದೀನಿ. ಹೆಸರೇನು, ಉಪಯೋಗ ಏನು?”

“ಸಿಸ್ಟರ್, ನನ್ನ ಪರೀಕ್ಷೆ ಮಾಡೋಕೆ ನೀವ್ಯಾರು?”

“ಇವತ್ತು ಸಂಜೆ ಐದು ಗಂಟೆಗೆ ಕೋರ್ಟಿನ ಕಟಕಟೆ ಹತ್ತೋ ಹುಡುಗಿಗೆ ಪಾಠ ಹೇಳಿದವಳು.”

ಡಾಕ್ಟರರ ಕಣ್ಣು ಮೆಲ್ಲಗೆ ಮೇಜಿಗೆ ಇಳಿಯಿತು. ಅಲ್ಲೇ ನಿಂತಿತು. ಫ್ಯಾನು ಕಟಕಟ ಎನ್ನುತ್ತಿತ್ತು. ಅವರು ಕೈ ಚಾಚಿ ಮುಟ್ಟಲು ಹೋಗಿ ಮುಟ್ಟಲಿಲ್ಲ.

“ಇದು,” ಎಂದರು. “ಇದು ಚೀಟಲ್.”

“ಉಪಯೋಗ?”

“ಉಪಕರಣ ಎತ್ತೋಕೆ.”

“ಹೊಟ್ಟೆಯೊಳಗೆ?”

“ಹೋಗಲ್ಲ.” ಅವರು ಕುರ್ಚಿಯನ್ನು ಮೇಜಿನಿಂದ ಹಿಂದಕ್ಕೆ ಸರಿಸಿದರು. “ಇದು ಹೋಗೋಕೇ ಸಾಧ್ಯ ಇಲ್ಲ. ಎರಡು ಇಂಚಿನ ಗಾಯ ನಾನು ಹಾಕಿದ್ದು. ಸಿಸ್ಟರ್, ನಾನು ಇದನ್ನ ನೋಡೇ ಇರಲಿಲ್ಲ.”

“ನೋಡದೆ ಒಂದು ಹುಡುಗಿಯ ಜೀವ ಬರೆದುಕೊಟ್ಟಿರಿ.”

“ಫೋನ್ ಬಂತು. ಬೂದಿಯಲ್ಲಿ ಆಪರೇಷನ್ ಸಾಮಾನು ಸಿಕ್ಕಿದೆ ಅಂದ್ರು. ನನ್ನ ಕೈಕಾಲು ಆಡಲಿಲ್ಲ. ನಿಮ್ಮ ಹೆಸರು ಯಾಕೆ ಕೆಡಬೇಕು ಡಾಕ್ಟ್ರೇ, ಎಣಿಸಿದ್ದು ನರ್ಸು ತಾನೇ, ಅವಳ ತಪ್ಪು ಅಂತ ಬರೆದುಕೊಡಿ, ನಾವು ನಿಮ್ಮ ತಂಟೆಗೆ ಬರಲ್ಲ ಅಂದ್ರು. ಅಷ್ಟು ಶಾಂತವಾಗಿ ಹೇಳಿದ್ರು. ನನಗೆ ಅದು ದೇವರು ಕೊಟ್ಟ ದಾರಿ ಅನ್ನಿಸ್ತು.”

“ಯಾರು ಫೋನ್ ಮಾಡಿದ್ದು?” ಎಂದ ಧರ್ಮೇಶ್.

“ಆ ಮನೆಯ ದೊಡ್ಡಮ್ಮ. ರುದ್ರಮ್ಮನವರು.”

ಧರ್ಮೇಶನ ಪೆನ್ನು ಕಾಗದದ ಮೇಲೆ ನಿಂತಿತು. ಯಶೋಧರಾ ಮಾತ್ರ ಅದೇ ದನಿಯಲ್ಲಿ ಮುಂದುವರಿದರು.

“ರೋಗ ಹರಡುತ್ತೆ, ಸುಡಿ ಅಂತ ನೀವು ಹೇಳಿದಿರಂತೆ.”

“ನಾನಾ? ನಾನು ಆ ಹೆಣ ನೋಡಿಲ್ಲ ಸಿಸ್ಟರ್. ಸತ್ತ ಸುದ್ದಿಯೇ ನನಗೆ ಮರುದಿನ ಗೊತ್ತಾಗಿದ್ದು.”

“ಹೊಲಿಗೆ ಬಿಚ್ಚಿದ ದಿನ ಗಾಯ ಹೇಗಿತ್ತು?”

“ಒಣಗಿತ್ತು. ಚೆನ್ನಾಗಿ ಕೂಡಿತ್ತು. ಅವಳು ಸಾಯೋ ಹಾಗಿರಲಿಲ್ಲ.” ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕನ್ನಡಕವಿಲ್ಲದ ಮುಖ ಎಳೆಯದಾಗಿ, ಹೆದರಿದಂತೆ ಕಂಡಿತು. “ಒಂದು ಮಾತು ಹೇಳಬೇಕು. ಯಾರಿಗೂ ಹೇಳಿಲ್ಲ. ಅವತ್ತು ಮೇಘಶ್ರೀ ನನ್ನ ಕೋಟು ಹಿಡ್ಕೊಂಡ್ಲು. ಇನ್ನೊಂದು ವಾರ ಇಲ್ಲೇ ಇಟ್ಕೊಳ್ಳಿ ಡಾಕ್ಟ್ರೇ, ನೋವಿದೆ ಅಂತ ಬರೆಯಿರಿ ಅಂದ್ಲು. ನಾನು ನಕ್ಕೆ. ವಾಸಿಯಾಗಿದೆ, ಮನೆಗೆ ಹೋಗಮ್ಮ ಅಂದೆ. ಇನ್ನೇನೋ ಹೇಳೋಕೆ ಬಾಯಿ ತೆಗೆದ್ಲು. ಅಷ್ಟರಲ್ಲಿ ಜೊತೆಯವರು ಡ್ರೆಸ್ಸಿಂಗ್ ರೂಮಿನ ಬಾಗಿಲಿಂದ ಈಚೆ ಬಂದರು. ಇವಳು ಬಾಯಿ ಮುಚ್ಚಿದ್ಲು.”

“ಡ್ರೆಸ್ಸಿಂಗ್ ರೂಮಿನ ಬಾಗಿಲಿಂದ,” ಎಂದರು ಯಶೋಧರಾ. “ಬಾಟಲಿ ಇರೋದು ಆ ಬಾಗಿಲ ಪಕ್ಕದ ಟ್ರಾಲಿಯ ಮೇಲೆ.”

“ಹೌದು.”

“ಯಾರು ಜೊತೆಯವರು?”

“ಅತ್ತೆ. ರುದ್ರಮ್ಮನವರೇ. ಮಗನನ್ನ ಕಾರಿನಲ್ಲೇ ಕೂರಿಸಿ ತಾವೇ ಒಳಗೆ ಬಂದಿದ್ರು. ಎಷ್ಟು ಒಳ್ಳೇ ಅತ್ತೆ ಅಂದ್ಕೊಂಡೆ.”

ಯಶೋಧರಾ ಕಣ್ಣು ಮುಚ್ಚಿದರು. ಕಣ್ಣು ಮುಚ್ಚಿದಾಗಲೇ ಅವರಿಗೆ ಸರಿಯಾಗಿ ಕಾಣುತ್ತಿದ್ದುದು. ತಲೆಯ ಕಡೆಗೆ ಹಾಲು ಹೊಯ್ಯಲು ಹೊರಟ ಮುದುಕಿ. ಅವಳನ್ನು ತಡೆದ ಒಂದು ಮೆತ್ತನೆಯ ಮಾತು. ಹೊಟ್ಟೆಯ ಹತ್ತಿರ ಹುಯ್ಯೇ ಹುಚ್ಚಿ, ತಣ್ಣಗಾಗಲಿ.

ಎಲ್ಲಿ ಹೂತಿದೆ ಎಂದು ತಿಳಿದವರಿಗೆ ಮಾತ್ರ ಎಲ್ಲಿ ಹಾಲು ಹೊಯ್ಯಬೇಕೆಂದು ತಿಳಿದಿರುತ್ತದೆ.

ಆಮೇಲೆ ಇನ್ನೊಂದು ಕಂಡಿತು. ತಗ್ಗಿಸಿದ ತಲೆಯ ಮೇಲೆ ಇಟ್ಟ ಒಂದು ಕೈ. ಕಾರಿನ ಬಾಗಿಲು ಹಿಡಿದು ನಿಂತ ಬಿಳಿ ಸೀರೆ. ಎರಡು ಮಾರು ದೂರ. ಬೇಲೂರಿಗೆ ನಮ್ಮನೆಗೆ ಕರ್ಕೊಂಡು ಹೋಗು ಎಂದ ತಮ್ಮದೇ ದನಿ.

ಎದುರಿಗೆ ಬಂದ್ರೆ ಗುರುತು ಸಿಗುತ್ತೇನೋ.

“ಫೋನ್ ಕೊಡಿ,” ಎಂದರು.

ಬೇಲೂರಿನ ಲೈನು ಮೂರನೆಯ ಸಲಕ್ಕೆ ಸಿಕ್ಕಿತು. ಗಂಟೆ ಹೊಡೆಯಿತು. ಹೊಡೆಯಿತು. ಹೊಡೆಯುತ್ತಲೇ ಇತ್ತು.

“ಅಲೋ.” ಗಂಗಯ್ಯನವರು. ಊಟ ಮುಗಿಸಿ ಎದ್ದ ದನಿ.

“ಅಪ್ಪ, ಲತಾಗೆ ಫೋನ್ ಕೊಡು.”

“ಅವಳೆಲ್ಲವ್ವ? ಆಗ್ಲೇ ಓದ್ರಲ್ಲ.”

“ಹೋದ್ರಾ? ಯಾರು?”

“ರುದ್ರಮ್ಮೋರು ಬಂದಿದ್ರು ಕಣವ್ವ, ಕಾರಲ್ಲಿ. ನಮ್ಮ ಬೀದೀಗೆ.” ಮುದುಕರ ದನಿಯಲ್ಲಿ ಒಂದು ಜೀವಮಾನದ ಬೆರಗಿತ್ತು. “ಆ ಮನೆಯೋರು ನಮ್ಮ ಬೀದಿ ತುಳ್ದಿದ್ದು ನಾನು ಕಂಡಿಲ್ಲ. ನಲವತ್ತು ವರ್ಸ ಅವರ ಮನೆ ಕಾಗದ ಕೊಟ್ಟಿವ್ನಿ, ಗೇಟಿಂದ ಈಚೆಗೇ. ಇವತ್ತು ಆಯಮ್ಮ ಒಳೀಕೆ ಬಂದು ಚಾಪೆ ಮ್ಯಾಲೆ ಕುಂತ್ರು. ನೀರು ಕೊಡ್ಲಾ ಅಂದೆ. ಕುಡುದ್ರು. ನಮ್ಮನೆ ಲೋಟದಲ್ಲೇ.”

ಯಶೋಧರಾ ಮೇಜಿನ ಅಂಚು ಹಿಡಿದುಕೊಂಡರು. “ಅವಳನ್ನ ಹೊರಗೆ ಕಳಿಸಬೇಡ ಅಂದಿದ್ದೆ ಅಪ್ಪ.”

“ಬ್ಯಾರೆ ಯಾರಾದ್ರೂ ಆಗಿದ್ರೆ ಕಳಿಸ್ತಿದ್ನಾ? ಅಂಥೋರು ಬಂದು ಕೈ ಮುಗುದ್ರು.”

“ಲತಾ ಏನಂದಳು?”

“ಒಳಗಿಂದ ಬಂದ್ಲು. ಅವ್ರ ಮಕ ನೋಡಿ ಅಂಗೇ ನಿಂತ್ಕಂಡ್ಲು. ಆಮ್ಯಾಕೆ ನಕ್ಕುಬುಟ್ಲು ಪಾಪ, ಎಷ್ಟು ದಿನ ಆಗಿತ್ತೋ ನಕ್ಕು. ಅವತ್ತು ಡ್ರೆಸ್ಸಿಂಗ್ ರೂಮಲ್ಲಿ ಇದ್ದಿದ್ದು ನೀವೇ ಅಲ್ವಾ ಅಮ್ಮ, ಈಗ ಗ್ಯಾಪಕ ಬಂತು, ಗಾಯ ಒಣಗಿತ್ತು ಅಂತ ನೀವು ಬಂದು ಸಾಹೇಬ್ರ ಮುಂದೆ ಒಂದು ಮಾತು ಯೋಳಿದ್ರೆ ನಾನು ಉಳ್ಕೋತೀನಿ ಅಂದ್ಲು.”

ಧರ್ಮೇಶ್ ರಿಸೀವರಿನ ಹತ್ತಿರ ಕಿವಿ ತಂದಿದ್ದ. ಯಾವುದನ್ನು ಹೇಳದೆ ಮುಚ್ಚಿಟ್ಟು ಆ ಹುಡುಗಿಯನ್ನು ಭಯದಿಂದ ಕಾಪಾಡಿದೆವೆಂದುಕೊಂಡಿದ್ದರೋ, ಅದು ಗೊತ್ತಿದ್ದಿದ್ದರೆ ಅವಳು ಹಾಗೆ ನಗುತ್ತಿರಲಿಲ್ಲ.

“ಅದಕ್ಕೆ ಅವರೇನಂದರು ಅಪ್ಪ?”

“ಊಂ ಮಗ, ನಾನೇ ಅಂದ್ರು. ತಲೆ ಸವರಿದ್ರು. ಬಾ ಓಗಿ ಯೋಳಾನ ಅಂತ ಕೈ ಹಿಡ್ಕಂಡು ಕಾರತ್ತಿಸಿಕೊಂಡ್ರು. ಡ್ರೈವರ್ ಇರ್ನಿಲ್ಲ, ಮಗನೇ ಓಡಿಸ್ತಿದ್ದ.”

“ಎಷ್ಟು ಹೊತ್ತಾಯಿತು?”

“ಒಂದು ಗಂಟೆ ಆಗಿರಬೇಕು.”

ಧರ್ಮೇಶ್ ಆಗಲೇ ಬಾಗಿಲು ದಾಟಿದ್ದ. ಮೆಟ್ಟಿಲ ಮೇಲೆ ಅವನ ಬೂಟಿನ ಸದ್ದು, ಕೆಳಗೆ ಜೀಪಿನ ಬಾಗಿಲು ಬಡಿದ ಸದ್ದು. ಅರಸೀಕೆರೆಯಿಂದ ಹಳೇಬೀಡಿಗೆ ಎಷ್ಟು ಓಡಿಸಿದರೂ ಮುಕ್ಕಾಲು ಗಂಟೆ.

“ಯಶೂ,” ಎಂದರು ಗಂಗಯ್ಯ. “ನೀನ್ಯಾಕವ್ವ ಮಾತಾಡ್ತಿಲ್ಲ?”

“ಇದೀನಪ್ಪ. ಠಾಣೆಗೆ ಹೋದರಾ ಅವರು?”

“ಠಾಣೆಗೆ ಆಮ್ಯಾಕೆ. ಮೊದ್ಲು ತ್ವಾಟಕ್ಕೆ ಓಗಿ ಬತ್ತೀವಿ ಅಂದ್ರು. ತಂಬಿಗೇಲಿ ಆಲೂ ಇತ್ತು, ಕಾರೊಳಗೆ.” “ಅದೊಂದು ಮಾತು ನಂಗೆ ತಿಳೀನಿಲ್ಲ ಕಣವ್ವ. ಇನ್ನೊಂದು ಆಲುತುಪ್ಪ ಬಾಕಿ ಐತೆ ಗಂಗಯ್ಯ, ಅದುನ್ನ ಮುಗ್ಸಬೇಕು ಅಂದ್ರು. ಆಲುತುಪ್ಪ ಒಂದು ಜೀವಕ್ಕೆ ಒಂದೇ ಸತಿ ಅಲ್ವೇನವ್ವ ಬುಡೋದು?”